ಹನ್ನೊಂದನೇ ತಾರೀಖಿನ ಪುಟ

28 ಆಗಸ್ಟ್ 2007, ಮಂಗಳವಾರ. ಕಾಪೆಲ್

ಎರಡು ಜನನ ಪ್ರಮಾಣಪತ್ರ ಮುಗಿಸಿದೆ. ಒಂದು ತುಮಕೂರು, ಇನ್ನೊಂದು ಶಿವಮೊಗ್ಗ. ಶಿವಮೊಗ್ಗದ್ದರಲ್ಲಿ ಮಗುವಿನ ಹೆಸರಿರಬೇಕಾದ ಕಡೆ ಬರೀ "ಗಂಡು" ಅಂತ ಇದೆ. ಹಾಗೇ ಇಂಗ್ಲಿಷಿಗೆ ಹಾಕಿದೆ. ಆ ಹುಡುಗ ಫೋನ್ ಮಾಡಿ ಗೋಳಾಡಿದ — ಆಂಟೀ, ನೀವೇ ಹೆಸರು ಸೇರಿಸಿಬಿಡಿ, ಯಾರಿಗೆ ಗೊತ್ತಾಗತ್ತೆ. ಆಗಲ್ಲಪ್ಪ ಅಂದೆ. ಇದ್ದದ್ದು ಇದ್ದ ಹಾಗೆ, ಕೆಳಗೆ ನನ್ನ ಸೈನು, ಆಮೇಲೆ ನೋಟರಿ. ಹದಿಮೂರು ವರ್ಷದಿಂದ ಹೀಗೇ. ಸೇರಿಸೋಳು ಬೇಕಾದ್ರೆ ಬೇರೆ ಕಡೆ ಹುಡುಕಲಿ. ಈ ಡಾಲಸ್ ಸುತ್ತ ಕನ್ನಡಕ್ಕೆ ನಾನು ಬಿಟ್ರೆ ಇನ್ನೊಬ್ಬರಿಲ್ಲ.

ಇವರು ಪ್ಲೇನೋಗೆ ಕೆಲಸಕ್ಕೆ ಹೊರಟ ಮೇಲೆ ಮತ್ತೆ ಫೋನ್. ಆಸ್ಟಿನ್ನಿಂದ, ಕ್ಯಾರಲಿನ್ ಬೀಸ್ಲಿ ಅಂತೆ. ಎಳೆದು ಎಳೆದು ಮಾತು. ಪುಸ್ತಕ ಬರೀತಾಳಂತೆ, ಒಂದು ಪುಟ ಕನ್ನಡ ಇದೆ, ಇಂಗ್ಲಿಷಿಗೆ ಮಾಡಿಕೊಡ್ತೀರಾ.

ಯಾರ ಬಗ್ಗೆ ಪುಸ್ತಕ ಅಂದೆ. ಹೇಳಿದ್ಲು ನೋಡು... ಇಲ್ಲಿ ಹದಿನೆಂಟಾಗದ ಹುಡುಗಿ ಗರ್ಭ ತೆಗೆಸ್ಕೋಬೇಕಂದ್ರೆ ಅಪ್ಪ ಅಮ್ಮನಿಗೆ ತಿಳಿಸಲೇಬೇಕು. ತಿಳಿಸಲ್ಲ ಅಂದ್ರೆ ಜಡ್ಜ್ ಪರ್ಮಿಷನ್ ಕೊಡಬೇಕು. ಕಾನೂನು ಬಂದ ಹೊಸದರಲ್ಲಿ, 2000ದಲ್ಲಿ, ಒಬ್ಬಳು ಹಾಗೆ ಕೋರ್ಟಿಗೆ ಹೋದ್ಲಂತೆ. ಜಡ್ಜ್ ಇಲ್ಲ ಅಂದರಂತೆ. ಬಿಡಲಿಲ್ಲ, ಆಸ್ಟಿನ್ನಿನ ದೊಡ್ಡ ಕೋರ್ಟಿಗೇ ಹೋದ್ಲಂತೆ. ಅಲ್ಲಿನ ತೀರ್ಪನ್ನೇ ಇವತ್ತಿಗೂ ಎಲ್ಲರೂ ಹಿಡಕೊಂಡು ಓಡಾಡ್ತಾರಂತೆ. ಹೆಸರು ಗುಟ್ಟು. ಕಾಗದಪತ್ರದಲ್ಲೆಲ್ಲ ಜೇನ್ ಡೋ. ಆ ಜೇನ್ ಡೋಳ ಜೀವನಚರಿತ್ರೆ ಬರೀತಿದಾಳೆ ಈ ಪುಣ್ಯಾತ್ಗಿತ್ತಿ.

ಗಾಂಧಿ ಬಗ್ಗೆ ಬರೆದ ಹಾಗೆ. ಘನಂದಾರಿ ಕೆಲಸ ಮಾಡಿದಾಳಲ್ಲ, ಜೀವನಚರಿತ್ರೆ ಬೇರೆ ಕೇಡು.

ಆದ್ರೆ ಕನ್ನಡದ ಪುಟ ಅಂದ್ರೆ ನಮ್ಮವಳೇ. ಯಾರ ಮಗಳಿರಬಹುದು? ಅನ್ನ ಬಸಿಯೋವಾಗ ಒಬ್ಬೊಬ್ಬರನ್ನೇ ನೆನೆಸ್ಕೊಂಡೆ. ನೀಲಕಂಠಪ್ಪನವರ ಐಶ್ವರ್ಯಾ ಅಲ್ಲ, ಅವಳನ್ನ 99ರಲ್ಲೇ ಹುಬ್ಬಳ್ಳಿಗೆ ಸಾಗಿಸಿದ್ರು. ಇರ್ವಿಂಗಲ್ಲಿರೋರ ದೊಡ್ಡವಳು? ಮಾಡ್ತೀನಿ ಕಳಿಸಿ ಅಂದಿದೀನಿ. ನೋಡೇಬಿಡೋಣ.

30 ಆಗಸ್ಟ್, ಗುರುವಾರ

ಕ್ಯಾರಲಿನ್ ಮತ್ತೆ ಫೋನ್ ಮಾಡಿದ್ಲು. ಮುಕ್ಕಾಲು ಗಂಟೆ ಕೊರೆದ್ಲು. ಬೇಳೆ ತಳ ಹಿಡೀತು.

ಆ ಪುಟ ಹುಡುಗಿಯ ಅಮ್ಮನ ಡೈರಿಯದಂತೆ. ಕದ್ದು ತಗೊಂಡು ಹೋಗಿ, ಲೈಬ್ರರೀಲಿ ಕಾಪಿ ಮಾಡಿ, ಡೈರೀನ ವಾಪಸ್ ಇಟ್ಟಿದ್ಲಂತೆ. ಅಮ್ಮನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು, ನೋಡಿ ಇಲ್ಲೇ ಬರೆದಿದಾಳೆ ಅಂತ ಜಡ್ಜ್ ಮುಂದೆ ಹಿಡಿದ್ಲಂತೆ. ಜಡ್ಜಿಗೆ ಕನ್ನಡ ಬರತ್ತಾ? ಸೈನ್ ಮಾಡಿದ ಟ್ರಾನ್ಸ್‌ಲೇಷನ್ ತನ್ನಿ ಅಂದರಂತೆ. ತರಲಿಲ್ಲ. ನೀನೇ ಹೇಳೋ ಅರ್ಥ ಸಾಕ್ಷಿ ಆಗಲ್ಲ, ಓದಿಬರೆದ ಮನೆತನ, ಮಕ್ಕಳು ದೊಡ್ಡದು ಮಾಡಿ ಹೇಳ್ತಾರೆ ಅಂತ ವಾಪಸ್ ಕಳಿಸಿದ್ರಂತೆ. ಕೊನೆಗೆ ದೊಡ್ಡ ಕೋರ್ಟಲ್ಲಿ ಬೇರೆ ಕಾರಣಕ್ಕೆ ಗೆದ್ದಿದ್ದು. ಆ ಪುಟದಲ್ಲಿ ಏನಿದೆ ಅಂತ ಇವತ್ತಿನವರೆಗೂ ಯಾರೂ ಓದೇ ಇಲ್ಲ. ಅದನ್ನ ಓದಿದ ಮೇಲೆ ಪುಸ್ತಕದಲ್ಲಿ ಎರಡರಲ್ಲಿ ಒಂದು ಬರೀಬೇಕು ಅಂದ್ಲು — ಹುಡುಗಿ ಹೇಳಿದ್ದು ನಿಜ, ಇಲ್ಲಾ ಹುಡುಗಿ ಸುಳ್ಳಿ.

ಸುಳ್ಳಿ ಅಂತಲೇ ಬರ್ಕೋ ಅಂತ ಬಾಯಿತುದೀಲಿತ್ತು. ನುಂಗಿಕೊಂಡೆ.

ಆದ್ರೂ ಹುಡುಗಿಗಿಂತ ಅವಳಮ್ಮನ ಮೇಲೇ ನನಗೆ ಮೈ ಉರಿದಿದ್ದು. ಎಂಥ ಹೆಂಗಸವಳು? ಮನೇಲಿ ಮಗಳು ಬಸುರಿ, ಗೊತ್ತಾಗಲ್ವಾ? ಕಣ್ಣೇನು ಹಿಂಗಿಹೋಗಿತ್ತಾ? ದಿನಾ ಜೊತೇಲಿ ಊಟ ಮಾಡ್ತಾರೆ, ಬಟ್ಟೆ ಒಗೀತಾರೆ. ನನ್ನ ಮಗಳ ಮುಖ ಒಂದು ಚೂರು ಬಾಡಿದ್ರೂ ನನಗೆ ಗೊತ್ತಾಗತ್ತೆ. ಇಂಥ ತಾಯಂದಿರಿಗೆ ಮಕ್ಕಳು ಯಾಕೆ ಬೇಕೋ.

ಸಂಜೆ ಅನು ಫೋನ್ ಮಾಡಿದ್ಲು, ಹೂಸ್ಟನ್ನಿಂದ. ಆಸ್ಪತ್ರೆ ಡ್ಯೂಟಿ, ಪರೀಕ್ಷೆ, ಅದೇ ಗೋಳು. ಅವಳಿಗೆ ನೋಡಿರೋ ಆಸ್ಟಿನ್ ಹುಡುಗ ಸುಮುಖನ ವಿಷಯ ಎತ್ತಿದೆ. "ಅಮ್ಮಾ, ಐ ಹ್ಯಾವ್ ಟು ಗೋ" ಅಂದ್ಲು. ಯಾವಾಗಲೂ ಅದೇ.

5 ಸೆಪ್ಟೆಂಬರ್, ಬುಧವಾರ, ಬೆಳಿಗ್ಗೆ 11

ಕವರ್ ಬಂತು. ತೆಗೆದೆ.

ನನ್ನ ಅಕ್ಷರ.

ಅದೇ ದಿನ, ಮಧ್ಯಾಹ್ನ 3

ಮತ್ತೆ ನೋಡಿದೆ. ನನ್ನದೇ. ಹಿಂದಕ್ಕೆ ಬಾಗೋ ನನ್ನ ಅಕ್ಷರ, ಅಣ್ಣ ಮೈಸೂರಿಂದ ವರ್ಷವರ್ಷ ಕಳಿಸ್ತಿದ್ದ ಬ್ಯಾಂಕ್ ಡೈರಿ, ತಲೇಲಿ ಅಚ್ಚಾದ ತಾರೀಖು — 11 ಡಿಸೆಂಬರ್ 1999, ಶನಿವಾರ. ಮೂಲೇಲಿ ಕೋರ್ಟಿನ ಸೀಲು. ಪಕ್ಕದಲ್ಲಿ ಯಾರೋ ಪೆನ್ಸಿಲಲ್ಲಿ ಇಂಗ್ಲಿಷಲ್ಲಿ ಬರೆದಿದಾರೆ — "ತೆಲುಗು?"

ಕ್ಲಾಸೆಟ್ಟಿಂದ ಸೂಟ್‌ಕೇಸ್ ಇಳಿಸಿದೆ. 99ರ ಡೈರಿ ತೆಗೆದೆ. ಪುಟ ಅಲ್ಲೇ ಇದೆ. ಹರಿದಿಲ್ಲ, ಮಡಿಸಿಲ್ಲ, ಎಷ್ಟು ಜೋಪಾನ ಮಾಡಿದಾಳೆ ನೋಡು. ಕಾಪೀಲಿ ನಾಲ್ಕು ಕಡೆ ಕಪ್ಪು ಬಳಿದಿದಾರೆ. ನಾಲ್ಕೂ ಹೆಸರು. ನನಗೆ ಕಪ್ಪಿನ ಕೆಳಗೆ ಏನಿದೆ ಅಂತ ಓದಬೇಕಾಗಿಲ್ಲ.

ಇಲ್ಲಿ ಪೂರ್ತಿ ನಕಲು ಮಾಡ್ತೀನಿ.

"ಐಶ್ವರ್ಯಾ ಬಸುರಿಯಂತೆ. ಹದಿನಾರು ವರ್ಷ. ನೀಲಕಂಠಪ್ಪ ಬುಧವಾರದ ಫ್ಲೈಟಿಗೆ ಹಾಕಿ ಹುಬ್ಬಳ್ಳಿಗೆ ಕಳಿಸ್ತಾರೆ. ಅಜ್ಜಿ ಗುರವ್ವನ ವಶಕ್ಕೆ. ಸರಿಯಾಗೇ ಮಾಡಿದ್ರು, ಆದ್ರೂ ಸಾಲದು. ನನ್ನ ಅನು ಹೀಗೆ ಮಾಡಿಕೊಂಡು ಬಂದಿದ್ರೆ ಫ್ಲೈಟು ಗೀಟು ಇಲ್ಲ. ನನ್ನ ಕೈಯಾರೆ ಕತ್ತು ಹಿಸುಕಿ ನಾನೂ ಸಾಯ್ತಿದ್ದೆ. ಇದು ಬಾಯಿಮಾತಿಗೆ ಬರೆಯೋದಲ್ಲ. ಕೂತು ಯೋಚನೆ ಮಾಡಿ ಬರೀತಿದೀನಿ."

ಇಷ್ಟೇ. ಪುಟದ ಕಾಲು ಭಾಗ.

ಯಾವ ತಾಯಿ ಕೋಪದಲ್ಲಿ ಕೊಂದುಬಿಡ್ತೀನಿ ಅನ್ನಲ್ಲ? ನಮ್ಮಮ್ಮ ದಿನಾ ಅಂತಿದ್ಲು. ಹಾಗಂತ ಸಮಾಧಾನ ಮಾಡ್ಕೊಳ್ಳೋಣ ಅಂದ್ರೆ ಕೊನೆ ಎರಡು ವಾಕ್ಯ ಇದೆಯಲ್ಲ. ಬಾಯಿಮಾತಿಗೆ ಬರೆಯೋದಲ್ಲ. ನಾನೇ ಬರೆದಿದೀನಿ, ಯಾರೂ ಕೇಳದೆ.

ಅನು. ನನ್ನ ಅನು.

15 ಸೆಪ್ಟೆಂಬರ್, ಶನಿವಾರ

ಗಣೇಶನ ಹಬ್ಬ. ಕಡುಬು ಮಾಡಿದೆ, ಪೂಜೆ ಮಾಡಿದೆ, ಏನೂ ನೆನಪಿಲ್ಲ. ಇವರು ಕಡುಬಿಗೆ ಉಪ್ಪೇ ಇಲ್ಲ ಅಂದ್ರು. ಹೊರಗೆ ಹೋಗಿ ತಿನ್ನಿ ಅಂದೆ.

ಹತ್ತು ದಿನದಿಂದ 2000ದ ಡೈರಿ ಓದ್ತಿದೀನಿ. ಕ್ಯಾರಲಿನ್ ಕಾಗದದಲ್ಲಿ ತಾರೀಖುಗಳನ್ನ ಕೊಟ್ಟಿದಾಳೆ. ಅರ್ಜಿ ಹಾಕಿದ್ದು ಫೆಬ್ರವರಿ ಕೊನೆ. ಆಸ್ಪತ್ರೆಗೆ ಹೋಗಿದ್ದು ಮಾರ್ಚ್ 24. ಒಂದು ಕೈಲಿ ಅವಳ ಪಟ್ಟಿ, ಒಂದು ಕೈಲಿ ನನ್ನ ಪುಸ್ತಕ.

ತಿಂಗಳ ಮೂರು ದಿನ ದೇವರ ಕೋಣೆ ಕಡೆ ಬರಬಾರದು, ನಮ್ಮ ಮನೆ ಪದ್ಧತಿ. ವ್ರತ ಗಿರತ ನೋಡಿಕೊಂಡು ಇಡಬೇಕಲ್ಲ, ಅದಕ್ಕೆ ಆ ದಿನಗಳಿಗೆ ಡೈರಿ ಮೂಲೇಲಿ ನಕ್ಷತ್ರ ಹಾಕ್ತಿದ್ದೆ. ನನ್ನದು ನೀಲಿ, ಅವಳದು ಕೆಂಪು. ಫೆಬ್ರವರಿ 5, ಕೆಂಪು ನಕ್ಷತ್ರ. ಮಾರ್ಚ್ 4, ಕೆಂಪು ನಕ್ಷತ್ರ. ಎರಡೂ ಸುಳ್ಳು. ಆಗಲೇ ಬಸುರಿ. ನಾನು ಕೇಳೋಕೆ ಮುಂಚೆ ತಾನೇ ಬಂದು "ಅಮ್ಮಾ, ಐಯಾಮ್ ಔಟ್" ಅಂದು ಮೂಲೇಲಿ ಕೂತಿದಾಳೆ. ಬೇರೆ ತಟ್ಟೇಲಿ ಊಟ ಮಾಡಿದಾಳೆ. ಮಾರ್ಚ್ 4 ಶಿವರಾತ್ರಿ. ಬರೆದಿದೀನಿ — "ಹಬ್ಬದ ದಿನವೇ ಹೊರಗೆ ಕೂರಬೇಕಿತ್ತಾ ಈ ಹುಡುಗಿಗೆ, ಚೆನ್ನಾಗಿ ಬೈದೆ." ಬೈಸಿಕೊಂಡು ಸುಮ್ಮನಿದ್ಲು. ಬೈದ್ರೆ ಅವಳಿಗೆ ಒಳ್ಳೇದೇ, ನಾನು ನಂಬಿದೀನಿ ಅಂತ ಗೊತ್ತಾಗತ್ತಲ್ಲ.

ಮಾರ್ಚ್ 24, ಶುಕ್ರವಾರ — "ಅನು ಫ್ರೆಂಡ್ ಮನೆಯಿಂದ ಸಂಜೆ ಬಂದ್ಲು. ಹೊಟ್ಟೆನೋವು ಅಂತ ಮಲಗಿದ್ಲು. ಕಂಡಕಂಡಿದ್ದು ತಿಂದಿರ್ತಾಳೆ. ಶುಂಠಿ ಕಷಾಯ ಕೊಟ್ಟೆ, ಬೇಡ ಅಂತ ಹಟ. ಗದರಿ ಕುಡಿಸಿದೆ."

ಕಂಡಕಂಡಿದ್ದು ತಿಂದಿರ್ತಾಳೆ ಅಂತೆ. ಕಣ್ಣು ಹಿಂಗಿಹೋದೋಳು ನಾನೇ.

20 ಸೆಪ್ಟೆಂಬರ್, ಗುರುವಾರ

ಕ್ಯಾರಲಿನ್ ಫೋನು. ಆಯ್ತಾ ಅಂದ್ಲು. ಅಕ್ಷರ ಸರಿಯಿಲ್ಲ, ಟೈಮ್ ಬೇಕು ಅಂದೆ. ನನ್ನ ಅಕ್ಷರಕ್ಕೆ ನಾನೇ ಹೆಸರಿಟ್ಟೆ.

ಮೊದಲನೇ ದಿನ ಬರೀ ಕೋಪ ಇತ್ತು. ಕಳ್ಳಿ. ನನ್ನ ಪುಸ್ತಕ ಕದ್ದು ಕೋರ್ಟಲ್ಲಿ ಹಿಡಿದ್ಲಾ? ಹೆತ್ತ ತಾಯೀನ ರಾಕ್ಷಸಿ ಅಂತ ಜಡ್ಜ್ ಮುಂದೆ ನಿಲ್ಲಿಸಿದ್ಲಾ? ಏಳು ವರ್ಷ, ಹಬ್ಬಕ್ಕೆ ಬಂದು ನಾನು ಮಾಡಿದ ಒಬ್ಬಟ್ಟು ತಿಂದುಕೊಂಡು ಹೋಗಿದಾಳೆ, ಮುಖದಲ್ಲಿ ಒಂದು ಗೆರೆ ಅಲುಗಾಡಿಸದೆ. ಅವನ್ಯಾರು? ಆ ಡಿಬೇಟ್ ಕ್ಲಬ್ಬಿನ ಉದ್ದನೆಯವನಾ? ಅವನಿಗೂ ಇಲ್ಲೇ ಇಡ್ಲಿ ಬಡಿಸಿದೀನಿ. ಅವನ ಕೈ ಸೇದಿಹೋಗಲಿ ಅನ್ನಿಸ್ತು.

ಆ ಕೋಪ ಈಗಲೂ ಇದೆ. ಎಲ್ಲೂ ಹೋಗಿಲ್ಲ.

ಇವತ್ತು ಕೂತು ಟ್ರಾನ್ಸ್‌ಲೇಷನ್ ಮಾಡಿದೆ. ಕತ್ತು ಹಿಸುಕೋದನ್ನ ತೆಗೆದು "ತುಂಬಾ ನೊಂದುಕೊಳ್ಳುತ್ತಿದ್ದೆ" ಅಂತ ಇಂಗ್ಲಿಷಲ್ಲಿ ಹಾಕಿದೆ. ಬಾಯಿಮಾತಲ್ಲ ಅನ್ನೋದನ್ನೂ ಬಿಟ್ಟೆ. ಎಷ್ಟು ಸುಲಭ. ಒಳ್ಳೇ ಮನೆತನದ ಹೆಂಗಸು ಬರೆದ ಹಾಗಿತ್ತು. ಸೈನ್ ಮಾಡೋಕೆ ಹೋದೆ. "ನನಗೆ ತಿಳಿದಮಟ್ಟಿಗೆ ಇದು ಮೂಲಕ್ಕೆ ನಿಷ್ಠವಾದ ಪೂರ್ಣ ಅನುವಾದ" ಅಂತ ಕೆಳಗೆ ಇರತ್ತಲ್ಲ, ನೂರಾರು ಸಲ ಸೈನ್ ಹಾಕಿದೀನಿ ಅದಕ್ಕೆ.

ಇದನ್ನ ಕಳಿಸಿದ್ರೆ ನಾನು ಬಚಾವ್. ಅನು ಸುಳ್ಳಿ. ಪುಸ್ತಕದಲ್ಲಿ ಅಚ್ಚಾಗತ್ತೆ — ಅಮ್ಮ ಪಾಪ ನೊಂದುಕೊಳ್ತಿದ್ಲು ಅಷ್ಟೇ, ಹುಡುಗಿ ಕೋರ್ಟಿಗೆ ಬುರುಡೆ ಬಿಟ್ಲು. ಇದ್ದ ಹಾಗೇ ಕಳಿಸಿದ್ರೆ ಅವಳು ನಿಜ. ನಾನು ಏನು ಅಂತ ಓದಿದವರು ಹೇಳ್ತಾರೆ. ಹೆಸರಿಗೆ ಕಪ್ಪು ಬಳಿದ್ರೇನು, ಹುಬ್ಬಳ್ಳಿ ಫ್ಲೈಟು ಅಂದ ತಕ್ಷಣ ಕನ್ನಡ ಕೂಟಕ್ಕೆ ಕೂಟವೇ ಐಶ್ವರ್ಯಾ ಅಂತ ಹೇಳತ್ತೆ. ಐಶ್ವರ್ಯಾ ವಿಷಯ ಆ ವಾರ ಯಾರಿಗೆ ಗೊತ್ತಿತ್ತು? ಅವರಮ್ಮ ಅಳುತ್ತಾ ಹೇಳಿದ್ದು ನನಗೊಬ್ಬಳಿಗೇ, ಬರೆದೋಳು ನಾನೇ ಅಂತ ಗೊತ್ತಾಗಿಬಿಡತ್ತೆ. ಸುಮುಖನ ಮನೆಯವರು ಓದಲ್ವಾ?

ಹರಿದು ಹಾಕಿದೆ. ಇನ್ನೊಂದು ಬರೀಲಿಲ್ಲ.

ಇವರಿಗೆ ಹೇಳೋಣ ಅಂತ ಹೋದೆ. ಕ್ರಿಕೆಟ್ ನೋಡ್ತಿದ್ರು. ಏನು ಅಂದ್ರು. ಏನಿಲ್ಲ ಅಂದೆ. ಈ ಮನೇಲಿ ಎಲ್ಲರಿಗೂ ಅದು ಚೆನ್ನಾಗಿ ಬರತ್ತೆ.

6 ಅಕ್ಟೋಬರ್, ಶನಿವಾರ. ಹೂಸ್ಟನ್

ಬೆಳಿಗ್ಗೆ ಐದೂವರೆಗೇ ಹೊರಟೆ. ಸಾರಿನ ಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು. ಒಬ್ಬಳೇ ಡ್ರೈವ್ ಮಾಡ್ಕೊಂಡು ಹೋಗಿದ್ದು ಇದೇ ಮೊದಲು. ಕೇಳೇಬಿಡ್ತೀನಿ ಅಂತ ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡಿದೆ.

ಅನು ಹಿಲ್‌ಕ್ರಾಫ್ಟಿಗೆ ಕರ್ಕೊಂಡು ಹೋದ್ಲು, ದೋಸೆಗೆ. ತೆಳ್ಳಗಾಗಿದಾಳೆ. ಕಣ್ಣ ಕೆಳಗೆ ಕಪ್ಪು. ಎದುರು ಕೂತಳು. ನನ್ನ ಬಾಯಿಗೆ ಬಂದಿದ್ದು ಸುಮುಖನ ವಿಷಯ. ನನ್ನ ಹಣೇಬರಹ.

"ಅವರಮ್ಮ ಮತ್ತೆ ಫೋನ್ ಮಾಡಿದ್ರು. ಫೋಟೋ ಕಳಿಸಿ ಅಂತ."

"ಸೋ?"

"ಸೋ ಅಂದ್ರೇನೇ? ಇಪ್ಪತ್ತೈದು ನಿನಗೆ."

"ಐ ನೋ ಹೌ ಓಲ್ಡ್ ಐ ಆಮ್, ಅಮ್ಮಾ." ಚಟ್ನಿ ಬಟ್ಟಲನ್ನ ನನ್ನ ಕಡೆ ತಳ್ಳಿದ್ಲು. "ಅವರಿಗೆ ನನ್ನ ಬಗ್ಗೆ ಏನು ಹೇಳಿದೀಯ?"

"ಇರೋದನ್ನ ಹೇಳಿದೀನಿ."

"ಎಲ್ಲಾನೂ?"

ಅಷ್ಟನ್ನ ಕನ್ನಡದಲ್ಲಿ ಕೇಳಿದ್ಲು. ನೀರು ಕುಡಿದೆ. ಅವಳು ನನ್ನನ್ನೇ ನೋಡ್ತಿದ್ಲು. ಡಾಕ್ಟರುಗಳು ನೋಡ್ತಾರಲ್ಲ, ಎಲ್ಲಿ ನೋವು ಅಂತ, ಹಾಗೆ.

"ನೀನು ಇನ್ನೂ ಡೈರಿ ಬರೀತೀಯಾ?"

"ಹೂಂ."

"ಕನ್ನಡದಲ್ಲೇ?"

"ಮತ್ತೇನು ಚೈನೀಸಲ್ಲಾ?"

ನಕ್ಕಳು. ಖುಷಿಯ ನಗು ಅಲ್ಲ. "ಯು ಟಾಟ್ ಮಿ ವೆಲ್" ಅಂದ್ಲು. ಆಮೇಲೆ ಆಸ್ಪತ್ರೆಯ ಪೇಜರ್ ಕೂಗ್ತು, ಎದ್ದಳು. ಪಾರ್ಕಿಂಗ್ ಲಾಟಲ್ಲಿ ಪುಡಿ ಡಬ್ಬಗಳನ್ನ ಕೈಗಿಟ್ಟೆ. ತಗೊಂಡ್ಲು. ತಲೆ ಸವರೋಕೆ ಕೈ ಎತ್ತಿದೆ, ಹಿಂದಕ್ಕೆ ಸರಿದ್ಲು. ಒಂದೇ ಇಂಚು. ಮೊದಲಿಂದಲೂ ಹಾಗೇ ಸರೀತಿದ್ಲು, ನಾನು ಅಮೆರಿಕದ ಮಕ್ಕಳೇ ಹೀಗೆ ಅಂದ್ಕೊಂಡಿದ್ದೆ.

ಹೌದು, ನಾನೇ ಕಲಿಸಿದ್ದು. ಭಾನುವಾರದ ಕನ್ನಡ ಕ್ಲಾಸು. ಬೇರೆಯವರ ಮಕ್ಕಳು ಮನೇಲಿ ಇಂಗ್ಲಿಷು, ನನ್ನ ಮಗಳು ಮಾತ್ರ ಪೇಪರ್ ಓದ್ತಾಳೆ ಅಂತ ಎಷ್ಟು ಮೆರೆದೆ. ಡೈರೀನ ಡ್ರಾಯರಲ್ಲಿ ಬೀಗ ಹಾಕದೆ ಇಡ್ತಿದ್ದೆ. ಅಮೆರಿಕದಲ್ಲಿ ಕನ್ನಡ ಯಾರು ಓದ್ತಾರೆ ಅಂತ.

9 ಅಕ್ಟೋಬರ್, ಮಂಗಳವಾರ

ಮಾಡಿದೆ. ಇದ್ದದ್ದು ಇದ್ದ ಹಾಗೆ.

ಕೈಯಾರೆ ಅನ್ನೋದಕ್ಕೆ ಅರ್ಧ ಗಂಟೆ ಹಿಡೀತು. ಕೊನೆಗೆ ನನ್ನ ಈ ಎರಡು ಕೈಗಳಿಂದ ಅಂತಲೇ ಇಂಗ್ಲಿಷಲ್ಲಿ ಹಾಕಿದೆ. ಕೂತು ಯೋಚನೆ ಮಾಡಿ ಅನ್ನೋದನ್ನೂ ಬಿಡಲಿಲ್ಲ. ಸೈನ್ ಮಾಡಿದೆ. ನೋಟರಿ ಹೆಂಗಸು ಓದಿದ್ಲು, ತಲೆ ಎತ್ತಿ ನನ್ನ ನೋಡಿದ್ಲು. "ವಾಟ್ ಎ ಹಾರಿಬಲ್ ವುಮನ್" ಅಂದ್ಲು. ನಾನು ಹೂಂ ಅಂದೆ.

12 ಅಕ್ಟೋಬರ್, ಶುಕ್ರವಾರ. ಆಸ್ಟಿನ್, ಮಧ್ಯಾಹ್ನ 2, ಕಾರಿನಲ್ಲಿ ಕೂತು

ಪೋಸ್ಟಿಗೆ ಹಾಕಬಹುದಿತ್ತು. ಹಾಕಲಿಲ್ಲ. ಆ ಹೆಂಗಸಿನ ಮುಖ ನೋಡಬೇಕಿತ್ತು.

ಅರವತ್ತು ದಾಟಿದೆ. ಬೆಳ್ಳಿ ಕೂದಲು, ಗಂಡಸರ ಅಂಗಿ. ಮನೆ ತುಂಬಾ ರಟ್ಟಿನ ಪೆಟ್ಟಿಗೆ. ಐಸ್ ಟೀ ಕೊಟ್ಲು, ಸಕ್ಕರೆ ಪಾಕ. ನಿಂತೇ ಓದಿದ್ಲು. ಓದಿ ಕೂತ್ಕೊಂಡ್ಲು.

"ಹಾಗಾದ್ರೆ ಹುಡುಗಿ ಹೇಳಿದ್ದು ನಿಜ" ಅಂದ್ಲು.

"ನಿಜ."

"ಒಂದಕ್ಷರ ಜಾಸ್ತಿ ಮಾಡಿರಲಿಲ್ಲ."

"ಒಂದಕ್ಷರಾನೂ ಇಲ್ಲ."

ಸುಮ್ಮನಿರೋಕೆ ಆಗಲಿಲ್ಲ. ನನ್ನ ನಂಬರ್ ಯಾರು ಕೊಟ್ರು ಅಂತ ಕೇಳಿದೆ. ಹೇಳೋಕೆ ಹಿಂದೆಮುಂದೆ ನೋಡಿದ್ಲು. ಎದ್ದು ಹೋಗಿ ಒಂದು ಹಳದಿ ಕಾಗದ ತಂದ್ಲು. ಅವತ್ತಿನ ಲಾಯರು ಬರೆದಿಟ್ಟ ಟಿಪ್ಪಣಿ, ಮಾರ್ಚ್ 2000. ಕನ್ನಡ ಟ್ರಾನ್ಸ್‌ಲೇಟರ್‌ಗೆ ಎಲ್ಲ ಕಡೆ ಹುಡುಕಿದೆ, ಇಡೀ ಡಾಲಸ್‌ನಲ್ಲಿ ಸಿಕ್ಕಿದ್ದು ಒಂದೇ ಹೆಸರು. ಹುಡುಗಿ ಬೇಡ ಅಂದಳು. ಕಾರಣ ಹೇಳಲಿಲ್ಲ. ತುಂಬಾ ಅತ್ತಳು.

ಆ ಹೆಸರನ್ನ ಕಪ್ಪು ಮಾಡಿರಲಿಲ್ಲ. ಅದಕ್ಯಾಕೆ ಮಾಡ್ತಾರೆ? ವಸಂತಾ ಚಂದ್ರಮೋಹನ, ಕಾಪೆಲ್. ನಮ್ಮ ಮನೆ ಫೋನ್ ನಂಬರ್.

ಆ ಜಡ್ಜಿಗೆ ಬೇಕಾಗಿದ್ದ ಕಾಗದ ಮಾಡಿಕೊಡೋಕೆ ನಮ್ಮೂರಲ್ಲಿ ನಾನೊಬ್ಬಳೇ ಇದ್ದಿದ್ದು. ಸೈನ್ ಇಲ್ಲದೆ ವಾಪಸ್ ಕಳಿಸಿದ್ರಲ್ಲ, ಆ ಸೈನ್ ನಂದು. ಪಕ್ಕದ ರೂಮಲ್ಲಿ ಕೂತು ನಾನು ಯಾರದೋ ಮದುವೆ ಸರ್ಟಿಫಿಕೇಟಿಗೆ ಹಾಕ್ತಿದ್ದೆ.

"ಈ ಸಲ ಅವಳೇ ಬರೆದ್ಲು" ಅಂದ್ಲು ಕ್ಯಾರಲಿನ್. "ಲಾಯರ್ ಮೂಲಕ. ಪುಸ್ತಕಕ್ಕೆ ಏನು ಬೇಕಾದ್ರೂ ಹಾಕಿ, ನನ್ನ ಹೆಸರು ಬೇಡ. ಆ ಪುಟಾನ ಈಗ ಆ ಟ್ರಾನ್ಸ್‌ಲೇಟರ್‌ಗೇ ಕಳಿಸಿ ಅಂತ. ಅವರಿಗೇ, ಬೇರೆ ಯಾರಿಗೂ ಬೇಡ. ಇನ್ನೊಂದು ಪ್ರಶ್ನೆ ಕೇಳೋಕೆ ಹೇಳಿದಾಳೆ. ಅವರು ಇದ್ದ ಹಾಗೇ ಮಾಡಿಕೊಟ್ರೆ ಮಾತ್ರ ಕೇಳಬೇಕಂತೆ."

ಏನು ಅಂದೆ.

"ಮುಂದಿನ ಪುಟದಲ್ಲಿ ಏನಿತ್ತು ಅಂತ. ಅವಳಿಗೆ ಕಾಪಿ ಮಾಡೋಕೆ ಸಿಕ್ಕಿದ್ದು ಒಂದೇ ಪುಟ. ತಿರುಗಿಸಿ ನೋಡೋಕೆ ಹೆದರಿಕೆ ಆಯ್ತಂತೆ."

ಹೇಳಿ ನನ್ನನ್ನೇ ನೋಡಿದ್ಲು. ಗೊತ್ತಾಗಿದೆ ಅವಳಿಗೆ. ನಾನು ಒಳಗೆ ಕಾಲಿಟ್ಟಾಗಲೇ ಗೊತ್ತಾಗಿರಬೇಕು. ಬಾಗಿಲ ತನಕ ಬಂದು ಹುಷಾರಾಗಿ ಡ್ರೈವ್ ಮಾಡಿ ಅಂದ್ಲು. ನನ್ನ ಮಗಳು ಮನೆಯವರಿಗೆ ಹೇಳದೇ ಇದ್ದಿದ್ದನ್ನೆಲ್ಲ ಇವಳಿಗೆ ಹೇಳಿದಾಳೆ. ಈ ಪೆಟ್ಟಿಗೆಗಳಲ್ಲಿ ಎಲ್ಲೋ ನನ್ನ ಅನು ಇದಾಳೆ. ನನಗೆ ಆ ಹೆಂಗಸನ್ನ ಕಂಡರೆ ಆಗಲ್ಲ.

13 ಅಕ್ಟೋಬರ್, ಶನಿವಾರ

ಮುಂದಿನ ಪುಟ. 12 ಡಿಸೆಂಬರ್ 1999, ಭಾನುವಾರ. ಐದು ಸಾಲು.

"ಕ್ಲಾಸಿಗೆ ಒಂಬತ್ತು ಮಕ್ಕಳು ಬಂದಿದ್ರು. ಬೋರ್ಡಲ್ಲಿ ಅಚ್ಚಿನ ಹಾಗಲ್ಲ, ಕೂಡಿಸಿ ಬರೆದೆ. ಯಾರಿಗೂ ಓದೋಕೆ ಬರಲಿಲ್ಲ. ಅನು ಗಳಗಳ ಓದಿದ್ಲು. ಇನ್ನು ನನ್ನ ಕೈಬರಹವನ್ನೂ ಓದ್ತಾಳೆ, ಎಷ್ಟು ಖುಷಿಯಾಯ್ತು ಅಂದ್ರೆ ಬರುವಾಗ ಐಸ್‌ಕ್ರೀಮ್ ಕೊಡಿಸಿದೆ."

ಅಷ್ಟೇ. ಹಿಂದಿನ ದಿನದ ಬಗ್ಗೆ ಒಂದಕ್ಷರ ಇಲ್ಲ. ಯಾಕೆ ಹಾಗೆ ಬರೆದೆನೋ, ತಪ್ಪಾಯ್ತೇನೋ, ಪಾಪ ಐಶ್ವರ್ಯಾ — ಏನೂ ಇಲ್ಲ. ಬರೆದು, ಮಲಗಿ, ಎದ್ದು ಕ್ಲಾಸಿಗೆ ಹೋಗಿದೀನಿ. ಆ ಮಗೂನ ಬುಧವಾರ ಫ್ಲೈಟಿಗೆ ಹತ್ತಿಸಿದ್ರು. ನೀಲಕಂಠಪ್ಪ ಈಗ ಯಾರಾದ್ರೂ ಕೇಳಿದ್ರೆ ನಮಗೆ ಮಗ ಸಿದ್ಧಾರ್ಥ್ ಒಬ್ಬನೇ ಅಂತಾರೆ. ಕೂಟದಲ್ಲಿ ನಾನೂ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಪಲಾವ್ ಬಡಿಸಿದೀನಿ.

ಐದು ಸಾಲಿನ ಕೆಳಗೆ ಪುಟ ಪೂರ್ತಿ ಖಾಲಿ. ಅದೇ ಪೆನ್ನು ಇನ್ನೂ ಇದೆ ನನ್ನ ಹತ್ರ. ನೀಲಿ ಇಂಕು. ತುಂಬಿಸಿ ಕೂತೆ. "ನಿನ್ನೆ ಬರೆದಿದ್ದು ಕೋಪದಲ್ಲಿ. ಅನು ಏನು ಮಾಡಿದ್ರೂ ನನ್ನ ಮಗಳೇ" — ಎರಡೇ ಸಾಲು. ಕಾಪಿ ಮಾಡಿ ಕಳಿಸಿದ್ರೆ ಯಾರಿಗೆ ಗೊತ್ತಾಗತ್ತೆ. ಶಿವಮೊಗ್ಗದ ಹುಡುಗ ಕೇಳಿದ್ದೂ ಇಷ್ಟೇ ತಾನೆ. ಏಳು ವರ್ಷ ಕಾದಿದಾಳೆ ಆ ಎರಡು ಸಾಲಿಗೆ.

ಪೆನ್ನು ಕಾಗದಕ್ಕೆ ಇಟ್ಟೆ. ಒಂದು ಚುಕ್ಕೆ ಬಿತ್ತು. ಮುಚ್ಚಿಟ್ಟೆ.

ಕ್ಯಾರಲಿನ್‌ಗೆ ಫೋನ್ ಮಾಡಿ ಹೇಳಿದೆ. ಆ ಹುಡುಗಿಗೆ ತಿಳಿಸಿ, ಮುಂದಿನ ಪುಟ ನನ್ನ ಹತ್ರ ಇದೆ. ಬೇಕಿದ್ರೆ ಬಂದು ಅವಳೇ ಓದಲಿ. ಅವಳಿಗೆ ಓದೋಕೆ ಬರತ್ತೆ.

22 ನವೆಂಬರ್, ಗುರುವಾರ. ಥ್ಯಾಂಕ್ಸ್‌ಗಿವಿಂಗ್, ಬೆಳಿಗ್ಗೆ 8.30

ನಿನ್ನೆ ಸಂಜೆ ಬಂದ್ಲು ಅನು. ಮೂರು ವರ್ಷದಿಂದ ಈ ರಜಕ್ಕೆ ಬಂದಿರಲಿಲ್ಲ. ಇವರು ಖುಷೀಲಿ ಏರ್‌ಪೋರ್ಟಿಗೆ ಒಂದು ಗಂಟೆ ಮುಂಚೆ ಹೋಗಿ ಕೂತಿದ್ರು. ಈಗ ಹಾಲು ತರ್ತೀನಿ ಅಂತ ಹೋಗಿದಾರೆ. ಅವಳು ಮೇಲೆ ಸ್ನಾನಕ್ಕೆ ಹೋಗಿದಾಳೆ. ನೀರಿನ ಸದ್ದು ಕೇಳ್ತಿದೆ.

ನಿನ್ನೆ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದ್ಲು, ಇವರು ಕೈ ತೊಳೆಯೋಕೆ ಎದ್ದಾಗ. "ಎಲ್ಲಿದೆ?" ಡ್ರಾಯರಲ್ಲಿ ಅಂದೆ. ಬೀಗ ಇಲ್ಲ. ತಲೆ ಆಡಿಸಿ ಮೊಸರು ಹಾಕ್ಕೊಂಡ್ಲು. ಬೆಳಿಗ್ಗೆ ನೋಡಿದೆ, 99ರ ಡೈರಿ ಡ್ರಾಯರಲ್ಲಿ ತಲೆಕೆಳಗಾಗಿ ಇತ್ತು. ನಾನು ಹಾಗೆ ಇಡಲ್ಲ. ಓದಿದಾಳೆ. ಐಸ್‌ಕ್ರೀಮ್. ಚುಕ್ಕೆ. ಕಾಫಿ ಕೊಟ್ಟಾಗ ತಗೊಂಡ್ಲು, ನನ್ನ ಮುಖ ನೋಡಲಿಲ್ಲ.

ಈ ವರ್ಷದ ಡೈರಿ ಊಟದ ಮೇಜಿನ ಮೇಲಿದೆ. ಅಲ್ಲೇ ಬರೀತಿದೀನಿ. ಇದನ್ನೂ ಓದ್ತಾಳೆ ಅಂತ ಗೊತ್ತಿದ್ದೇ ಬರೀತಿದೀನಿ. ಮೊದಲನೇ ಸಲ.

ಅನು, ಸುಳ್ಳು ಬರೆಯಲ್ಲ. ಅವತ್ತು ನೀನು ಬಂದು ಹೇಳಿದ್ದಿದ್ರೆ ಕೊಲ್ತಿರಲಿಲ್ಲ ಅನ್ಕೋತೀನಿ. ಆದ್ರೆ ಟಿಕೆಟ್ ತೆಗೀತಿದ್ದೆ. ಮೈಸೂರಿಗೆ, ಮಾವನ ಮನೆಗೆ. ಸ್ಕೂಲ್ ಬಿಡಿಸ್ತಿದ್ದೆ. ಯಾರನ್ನೋ ನೋಡಿ ಕಟ್ಟಿಬಿಡ್ತಿದ್ದೆ. ನೀನು ಡಾಕ್ಟರ್ ಆಗ್ತಿರಲಿಲ್ಲ. ನಮಗೆ ಮಕ್ಕಳಿಲ್ಲ ಅಂತ ನಾನೂ ಕೂಟದಲ್ಲಿ ಹೇಳ್ಕೊಂಡು ತಿರುಗ್ತಿದ್ದೆ. ನೀನು ನನ್ನನ್ನ ಸರಿಯಾಗೇ ಓದಿದೀಯ. ನನಗೆ ಹೇಳದೇ ಇದ್ದಿದ್ದಕ್ಕೆ ಈಗಲೂ ಕೋಪ ಇದೆ. ಹೇಳದೇ ಇದ್ದಿದ್ದು ಒಳ್ಳೇದಾಯ್ತು ಅಂತಲೂ ಇದೆ. ಎರಡೂ ಇರತ್ತೆ, ಏನು ಮಾಡ್ಲಿ. ಆ ಕಷಾಯ ಗದರಿ ಕುಡಿಸಬಾರದಿತ್ತು. ಅವತ್ತು ನಿನ್ನ ಪಕ್ಕ ಕೂತು ಕಾಲು ಒತ್ತಬೇಕಿತ್ತು ನಾನು.

ಸುಮುಖನ ಮನೆಯವರಿಗೆ ಬೇಡ ಅಂತ ಹೇಳಿದೀನಿ. ಕಾರಣ ಕೇಳಿದ್ರು. ನನ್ನ ಮಗಳನ್ನೇ ಕೇಳಬೇಕು, ನಾನು ಕೇಳಿಲ್ಲ ಅಂದೆ.

ನೀರು ನಿಂತಿತು. ಬಾಗಿಲು ತೆಗೆದ ಸದ್ದು. ಪೆನ್ನು ಇಲ್ಲೇ ಬಿಡ್ತೀನಿ, ಡೈರಿ ಮುಚ್ಚಲ್ಲ. ಮುಂದಿನ ಪುಟದಲ್ಲಿ ನಾನು ಏನೂ ಬರೆಯಲ್ಲ, ಅದು ನಿನ್ನದು.